ಬೆನ್ನಿನ ಗಾಯ ನೋಡುವವರು

ಔರಾದ
೧೨ ಜನವರಿ ೨೦೨೫

ಪ್ರೀತಿಯ ತಂಗಿ ಪ್ರಣಾಲಿಗೆ,

ನಿನ್ನ ಅಕ್ಕ ಮಹಾಮಾಯಾಳ ಜೈಭೀಮ. ಭಾಲ್ಕಿಯಲ್ಲಿ ನೀನು, ನಿನ್ನ ಮಗ ಧಮ್ಮಪಾಲ ಇಬ್ಬರೂ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ಪತ್ರ ತಡವಾಯಿತು, ಕ್ಷಮಿಸು ಎಂದು ಬರೆಯಬೇಕು. ಆರು ವರ್ಷದ ತಡಕ್ಕೆ ಎಷ್ಟು ಸಲ ಹಾಗೆ ಬರೆಯಬೇಕೋ ತಿಳಿಯದು. ನನ್ನ ನಂಬರನ್ನು ನೀನು ಬ್ಲಾಕ್ ಮಾಡಿದ್ದೀಯ. ಪೋಸ್ಟಮ್ಯಾನನನ್ನು ಬ್ಲಾಕ್ ಮಾಡುವ ಉಪಾಯ ಇನ್ನೂ ಬಂದಿಲ್ಲವಲ್ಲ, ಅದಕ್ಕೇ ಪೆನ್ನು ಹಿಡಿದೆ. ಹರಿದು ಹಾಕುವುದಿದ್ದರೂ ಒಮ್ಮೆ ಓದಿ ಹರಿ.

ನನ್ನ ಬೆನ್ನಿನ ಆಪರೇಷನ್ ಆಯಿತು. ಗಾಬರಿಯಾಗಬೇಡ, ಈಗ ಎದ್ದು ಓಡಾಡುತ್ತೇನೆ. ದೀಪಾವಳಿ ರಜೆ ಮುಗಿದು ಶಾಲೆ ಶುರುವಾದ ದಿನ ಬೋರ್ಡಿನ ಮುಂದೆ ನಿಂತವಳಿಗೆ ಬಲಗಾಲು ಇದೆಯೋ ಇಲ್ಲವೋ ಗೊತ್ತಾಗಲಿಲ್ಲ. ಸೀಮೆಸುಣ್ಣ ಹಿಡಿದುಕೊಂಡೇ ಕುಸಿದೆ. ನವೆಂಬರ್ ಕೊನೆಯ ವಾರ ಬೀದರಿನಲ್ಲಿ ಸೊಂಟದ ಹತ್ತಿರ ಕೊಯ್ದು, ಬೆನ್ನುಮೂಳೆಯ ಎರಡು ಮಣಿಗಳಿಗೆ ಸ್ಕ್ರೂ ಹಾಕಿದರು. ಸಹಿ ಮಾಡಲು ಮನೆಯವರು ಯಾರು ಎಂದು ಕೇಳಿದಾಗ, ನನ್ನ ಸಹಿ ನಾನೇ ಮಾಡುತ್ತೇನೆ ಎಂದೆ. ನಲವತ್ತೆಂಟು ವರ್ಷದ ಅವಿವಾಹಿತ ವಿಜ್ಞಾನದ ಟೀಚರಿಗೆ ಅಷ್ಟು ಜಂಬವಾದರೂ ಇರಲಿ.

ಹಿಂದಿನ ದಿನ ಡಾಕ್ಟರ್ ಇಮ್ರಾನ ಬಂದು, ಹೊಲಿಗೆ ಹಾಕುವ ಮೊದಲು ಗಾಯದೊಳಗೇ ಆಂಟಿಬಯೋಟಿಕ್ ಪುಡಿ ಉದುರಿಸುತ್ತೇವೆ ಎಂದರು. ನಾನು ಬಿಡುತ್ತೇನೆಯೇ? ಇಂಜೆಕ್ಷನ್ ಕೊಡುತ್ತೀರಲ್ಲ, ಮತ್ತೆ ಪುಡಿ ಯಾಕೆ ಎಂದು ಹಿಡಿದು ಕೂಡಿಸಿ ಕೇಳಿದೆ.

“ಇಂಜೆಕ್ಷನ್ ಔಷಧ ರಕ್ತದ ಜೋಡಿ ಮೈತುಂಬ ತಿರಗತದ್ರಿ ಟೀಚರ್. ಕೊಯ್ದ ಜಾಗಕ್ಕ ರಕ್ತನೇ ಸರಿಯಾಗಿ ಮುಟ್ಟಲ್ಲ. ಪುಡಿ ಆದ್ರ ಅಲ್ಲೇ ಕುಂತು ಕೆಲಸ ಮಾಡ್ತದ.”

“ಎಲ್ಲಾ ಡಾಕ್ಟರೂ ಹಾಕ್ತಾರೇನ್ರಿ?”

“ಇಲ್ರಿ. ಕೆಲವರು ಹಾಕ್ತಾರ, ಕೆಲವರು ಬ್ಯಾಡ ಅಂತಾರ. ಫಾಯದಾ ಅದ ಅಂತ ನನಗ ಅನಸ್ತದ. ಗ್ಯಾರಂಟಿ ಮಾತ್ರ ಕೇಳಬ್ಯಾಡ್ರಿ.”

ಗ್ಯಾರಂಟಿ ಇಲ್ಲ ಎಂದು ಬಾಯಿಬಿಟ್ಟು ಹೇಳಿದವರ ಮೇಲೆ ನನಗೆ ನಂಬಿಕೆ ಬಂತು. ಸೀಸೆ ತೋರಿಸಿದರು. ಬಿಳಿ ಪುಡಿ, ಒಂದು ಚಮಚೆಯಷ್ಟೂ ಇರಲಿಲ್ಲ. ನಾವು ಸಣ್ಣವರಿದ್ದಾಗ ಮೊಣಕಾಲು ಕೆತ್ತಿಕೊಂಡು ಬಂದರೆ ಅವ್ವ ಬೈಯುತ್ತ ಬೈಯುತ್ತ ಅರಿಶಿನ ತುಂಬುತ್ತಿದ್ದಳಲ್ಲ, ಅದು ನೆನಪಾಯಿತು. ಬೈಯುವವರಿಲ್ಲದೆ ಔಷಧ ಹಾಕಿಸಿಕೊಳ್ಳುವುದು ಬೇರೆಯೇ, ಪ್ರಣಾಲಿ.

ಡಿಸ್ಚಾರ್ಜ್ ಮಾಡುವಾಗ ಮಲ್ಲೇಶ್ವರಿ ಎಂಬ ನರ್ಸ್ ಕೇಳಿದಳು. “ಪುಡಿ ಹಾಕ್ಯಾರ ಅಂತ ನಿಶ್ಚಿಂತಿ ಇರಬ್ಯಾಡ್ರಿ. ಗಾಯ ಕೆಂಪಾಗೇದೇನು, ನೀರು ಸೋರಲತ್ತದೇನು, ದಿನಾ ನೋಡಬೇಕು. ಮನ್ಯಾಗ ನಿಮ್ಮ ಬೆನ್ನು ನೋಡೋರು ಯಾರದಾರ?”

ಹೋಮ್‌ವರ್ಕ್ ಮಾಡದೆ ಬಂದ ಹುಡುಗಿಯ ಹಾಗೆ ನಿಂತೆ. ಅನ್ನ ಬೇಯಿಸಿಕೊಳ್ಳಬಹುದು, ಬಟ್ಟೆ ಒಗೆಯಲು ಆಳು ಇಡಬಹುದು. ಆದರೆ ತನ್ನ ಬೆನ್ನು ತನಗೆ ಕಾಣುವುದಿಲ್ಲ. ಒಬ್ಬಳೇ ಇರುವುದೆಂದರೆ ಏನು ಎಂದು ನನಗೆ ಅಲ್ಲಿಯವರೆಗೆ ಅಷ್ಟು ನೇರವಾಗಿ ಯಾರೂ ಕೇಳಿರಲಿಲ್ಲ.

ಪಕ್ಕದ ಮನೆಯ ಮರಿಯಮಬೀ ಒಪ್ಪಿಕೊಂಡಳು. ಜೋಳದ ರೊಟ್ಟಿ ಬಡಿದು ಮಾರುವವಳು. ಬೆಳಿಗ್ಗೆ ರೊಟ್ಟಿ ಅರ್ಧಕ್ಕೆ ಬಿಟ್ಟು ಬಂದು ಪಟ್ಟಿ ಬಿಚ್ಚಿ ನನ್ನ ಮೊಬೈಲಿನಲ್ಲಿ ಗಾಯದ ಫೋಟೋ ತೆಗೆಯುತ್ತಿದ್ದಳು, ನಾನು ಅದನ್ನು ಮಲ್ಲೇಶ್ವರಿಗೆ ಕಳಿಸುತ್ತಿದ್ದೆ. ಮೊದಲ ದಿನ ಗೋಡೆ ಬಂತು, ಎರಡನೆಯ ದಿನ ನನ್ನ ಜಡೆ. “ಟೀಚರಮ್ಮಾ, ನಿಮ್ಮ ಬೆನ್ನು ಛಲೋ ಅದ, ಫೋಟೋನೇ ಖರಾಬ ಬರ್ಲತ್ತದ,” ಎಂದು ಅವಳೇ ನಗುತ್ತಿದ್ದಳು. ಆ ಹತ್ತು ನಿಮಿಷಕ್ಕಾಗಿ ನಾನು ಬೆಳಗಾಗುವುದನ್ನೇ ಕಾಯುತ್ತಿದ್ದೆ.

ಎಂಟು ದಿನಕ್ಕೆ ಜನವಾಡದಲ್ಲಿರುವ ಮಗಳಿಗೆ ಹೆರಿಗೆ ನೋವು ಬಂದು ಮರಿಯಮಬೀ ಹೊರಟುಬಿಟ್ಟಳು. ಬೇರೆಯವರನ್ನು ಕರೀರಿ ಎಂದು ಹತ್ತು ಸಲ ಹೇಳಿ ಹೋದಳು. ಯಾರನ್ನು ಕರೆಯಲಿ? ಸಹೋದ್ಯೋಗಿಗಳ ಮುಂದೆ ಸೀರೆ ಸರಿಸಿ ಬೋರಲು ಮಲಗಲು ಮನಸ್ಸಾಗಲಿಲ್ಲ. ಎರಡು ಕನ್ನಡಿ ಇಟ್ಟು ನೋಡಿದೆ, ಕೈ ಹಿಂದೆ ಮಾಡಿ ಮೊಬೈಲ್ ಹಿಡಿದೆ. ಅದು ಕೆಳಗೆ ಬಿತ್ತು, ಬಗ್ಗಲಾಗದೆ ಗೋಡೆ ಹಿಡಿದು ಕುಕ್ಕರಿಸಿ ಎತ್ತಿಕೊಂಡೆ. ಆಮೇಲೆ ಏನು ಮಾಡಿದೆ ಗೊತ್ತೇ? ಮಕ್ಕಳಿಗೆ ಕಾಪಿ ಹೊಡೆಯಬೇಡಿ ಎಂದು ಕಲಿಸುವ ನಿನ್ನ ಅಕ್ಕ, ಮರಿಯಮಬೀ ಕೊನೆಗೆ ತೆಗೆದ ಫೋಟೋವನ್ನೇ ಮರುದಿನ ಮತ್ತೆ ಕಳಿಸಿದಳು. ಅದರ ಮರುದಿನವೂ, ಮೂರನೆಯ ದಿನವೂ. ಮಲ್ಲೇಶ್ವರಿಯಿಂದ ಮೊಬೈಲಿಗೆ ಮೇಲೆತ್ತಿದ ಹೆಬ್ಬೆಟ್ಟಿನ ಗುರುತು ಬರುತ್ತಿತ್ತು. ಗಾಯ ಒಣಗುತ್ತಿದೆ ಎಂದು ನನಗೂ ನಂಬಿಕೆ ಬರತೊಡಗಿತು.

ನಾಲ್ಕನೆಯ ದಿನ ಅವಳು ಫೋನೇ ಮಾಡಿದಳು. “ಟೀಚರ್, ನಾಕು ದಿನದ ಫೋಟೋದಾಗೂ ಮೂಲ್ಯಾಗ ಅದೇ ಹಿಟ್ಟು ಹತ್ತಿದ ಬೆರಳು ಅದ. ಇವತ್ತಿಂದು ಕಳಸ್ರಿ.”

ಇವತ್ತಿನದು ಇಲ್ಲ ಎಂದೆ. “ಜ್ವರ ಅದಾವೇನು?” ಎಂದಳು. ಎರಡು ದಿನದಿಂದ ಮೈ ಬೆಚ್ಚಗಿತ್ತು, ಚಳಿಗಾಲ ಎಂದುಕೊಂಡಿದ್ದೆ. ಬೈಯಲಿಲ್ಲ ಅವಳು. “ಈಗಿಂದೀಗ ಗಾಡಿ ಮಾಡಿ ಬರ್ರಿ,” ಎಂದಳು ಅಷ್ಟೇ.

ಬೀದರಿಗೆ ಹೋಗುವ ದಾರಿಯುದ್ದಕ್ಕೂ ಸೀಟಿಗೆ ಬೆನ್ನು ತಾಗದಂತೆ ಮುಂದೆ ಬಾಗಿ ಕುಳಿತಿದ್ದೆ. ಕೀವು ಸ್ಕ್ರೂವಿನವರೆಗೆ ಇಳಿದಿದ್ದರೆ ಮತ್ತೆ ಕೊಯ್ದು ಎಲ್ಲ ತೊಳೆಯಬೇಕು, ಕಾಲು ಉಳಿಯುತ್ತದೋ ಇಲ್ಲವೋ ಎಂದು ಮೊದಲೇ ಹೇಳಿದ್ದರು. ಪಟ್ಟಿ ಬಿಚ್ಚಿದಾಗ ಕೆಳಗಿನ ತುದಿಯಲ್ಲಿ ಒಂದು ಹೊಲಿಗೆ ಬಿಟ್ಟು ಕೀವು ಕಟ್ಟಿತ್ತು. ಇಮ್ರಾನ ಡಾಕ್ಟರರು ಬಹಳ ಹೊತ್ತು ಪರೀಕ್ಷೆ ಮಾಡಿದರು. ಮೇಲಿನ ಚರ್ಮದಲ್ಲಷ್ಟೇ ಇದೆ, ಒಳಗೆ ಸ್ವಚ್ಛವಿದೆ ಎಂದರು. ಪುಡಿ ಉಳಿಸಿತೇ ಎಂದು ಕೇಳಿದೆ. “ಉಳಿಸಿರಬಹುದ್ರಿ. ಒಬ್ಬರ ಬೆನ್ನು ನೋಡಿ ಹಂಗ ಹೇಳ್ಲಾಕ ಬರಂಗಿಲ್ಲ. ಇನ್ನ ನಾಕು ದಿನ ತಡಾ ಮಾಡಿದ್ರ ಪುಡಿನೂ ಏನೂ ಮಾಡ್ತಿರಲಿಲ್ಲ.”

ಒಂಬತ್ತು ದಿನ ವಾರ್ಡಿನಲ್ಲಿಟ್ಟುಕೊಂಡರು. ಭೇಟಿಯ ಸಮಯದಲ್ಲಿ ಎಲ್ಲರ ಮಂಚದ ಸುತ್ತ ಜನ, ಡಬ್ಬಿ, ಗದ್ದಲ. ನಾನು ಗೋಡೆ ಕಡೆ ಹೊರಳಿ ನಿದ್ದೆ ಬಂದವಳಂತೆ ಮಲಗುತ್ತಿದ್ದೆ. ಬಾಗಿಲ ಕಡೆ ಹೆಜ್ಜೆ ಸಪ್ಪಳವಾದರೆ ನೀನೇ ಅಂತ ಅನಿಸುತ್ತಿತ್ತು. ನಿನಗೆ ನಾನು ತಿಳಿಸೇ ಇಲ್ಲ, ನೀನು ಬರುವುದಾದರೂ ಹೇಗೆ? ಆದರೂ ಅನಿಸುತ್ತಿತ್ತು.

ಅವ್ವ ತೀರಿಕೊಂಡ ಮೇಲೆ ಮಾಡಿದ ಪುಣ್ಯಾನುಮೋದನೆಯ ದಿನ ನಮ್ಮಿಬ್ಬರ ನಡುವೆ ಆದ ಮಾತನ್ನು ಕೆದಕುವುದು ಬೇಡವೆಂದೇ ಈ ಕಾಗದ ಶುರು ಮಾಡಿದ್ದೆ. ಈಗ ಗಾಯ ಒಣಗಿದೆ. ಮರಿಯಮಬೀ ಮೊಮ್ಮಗಳನ್ನು ನೋಡಿಕೊಂಡು ಬಂದು, ನಾನು ಮಾಡಿದ ಕೆಲಸ ಕೇಳಿ, ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟು ಅತ್ತಳು. ಧಮ್ಮಪಾಲನ ಓದಿಗೆ ನನ್ನ ಆಶೀರ್ವಾದ ಹೇಳು. ನಿನ್ನ ಮನೆಯಲ್ಲಿ ಸುಖ, ಆರೋಗ್ಯ ನೆಲೆಸಿರಲಿ. ನಿನಗೆ ಮಂಗಳವಾಗಲಿ.

ಇಂತಿ ನಿನ್ನ ಅಕ್ಕ,
ಮಹಾಮಾಯಾ

ತಾ.ಕ.: ಕಾಗದ ಮಡಚಿಟ್ಟು ಮತ್ತೆ ಬಿಚ್ಚಿದ್ದೇನೆ. ಅವತ್ತು ಎಲ್ಲರೆದುರಿಗೆ ನೀನು ಕೇಳಿದೆ: “ಅಕ್ಕಾ, ಅವ್ವನ ಸೊಂಟದ ಹುಣ್ಣಿನ ಪಟ್ಟಿ ದಿನಾ ಬಿಚ್ಚಿ ನೋಡಿದ್ಯೋ ಇಲ್ಲೋ?” ದಿನಾ ನೋಡೇನಿ ಎಂದೆ. ನೀ ಎಲ್ಲಿದ್ದಿ ಆಗ, ಎಂದೂ ಅಂದೆ. ನೋಡಿರಲಿಲ್ಲ, ಪ್ರಣಾಲಿ. ಕೊನೆಯ ಮೂರು ದಿನ ನೋಡಿರಲಿಲ್ಲ. ವಾಸನೆ ಬರತೊಡಗಿತ್ತು, ನನಗೆ ಹೆದರಿಕೆಯಾಯಿತು. ಹಳೆಯ ಪಟ್ಟಿಯ ಮೇಲೆಯೇ ಹೊಸ ಬಿಳಿ ಪಟ್ಟಿ ಸುತ್ತಿದೆ. ನೀನು ಭಾಲ್ಕಿಯಿಂದ ಬಂದಾಗ ಕಂಡದ್ದು ಅದನ್ನೇ. ಮೂರನೆಯ ದಿನಕ್ಕೆ ನಂಜು ರಕ್ತಕ್ಕೇರಿತು, ಅವ್ವ ಹೋದಳು. ತಾಯಿಯಂಥ ಅಕ್ಕನ ಮೇಲೆ ಸಂಶಯಪಟ್ಟವಳು ಎಂದು ಬಳಗವೆಲ್ಲ ಆರು ವರ್ಷ ನಿನ್ನನ್ನು ಆಡಿಕೊಂಡಿತು. ನಾನು ಕೇಳಿಸಿಕೊಂಡು ಸುಮ್ಮನಿದ್ದೆ. ಅವರೆಲ್ಲರಿಗೂ ಇದನ್ನೇ ಬರೆಯುತ್ತಿದ್ದೇನೆ. ಮೊದಲನೆಯ ಕಾಗದ ನಿನ್ನದು. ಬಾ ಎಂದು ಕರೆಯುವ ಬಾಯಿ ನನಗಿಲ್ಲ. ಬರುವುದಾದರೆ ಇದನ್ನು ತಿಳಿದುಕೊಂಡೇ ಬಾ.