ತಿಪ್ಪೆಯಿಂದ ಎತ್ತಿ ತಂದ ನಿನ್ನ ಕುರ್ಚಿ

ದೊಡ್ಡಮ್ಮಾ,

ನೀನು ಹೋದ ಮೇಲೆ ಎಲ್ಲರೂ ನಿನ್ನ ಬಗ್ಗೆ ಒಳ್ಳೆ ಮಾತೇ ಆಡ್ತಿದಾರೆ. ಕೇಳಿ ಕೇಳಿ ನನಗೆ ವಾಕರಿಕೆ ಬರೋ ಹಾಗಾಗಿದೆ. ನಿನ್ನ ಮಗ ರೇಣಣ್ಣ ಅರಸೀಕೆರೆ ಮನೆ ಮುಂದೆ ನಿನ್ನ ಫೋಟೊ ಹಾಕಿ ಆಳೆತ್ತರದ ಫ್ಲೆಕ್ಸ್ ಕಟ್ಟಿಸಿದ್ದ. ಕೆಳಗೆ ದಪ್ಪ ಅಕ್ಷರದಲ್ಲಿ 'ಅಮ್ಮಾ, ಮತ್ತೆ ಹುಟ್ಟಿ ಬಾ' ಅಂತ. ಹುಟ್ಟಿ ಬಂದು ಎಲ್ಲಿ ಕೂತ್ಕೋಬೇಕಿತ್ತು ನೀನು? ನಿನ್ನ ಕುರ್ಚಿಯನ್ನ ಆಗಲೇ ಕೆರೆ ಏರಿ ಹಿಂದಿನ ತಿಪ್ಪೆಗೆ ಎಸೆದಾಗಿತ್ತಲ್ಲ.

ಆ ಕುರ್ಚಿಯ ವಿಷಯ ಹೇಳೋಕೇ ಈ ಕಾಗದ ಬರೀತಿದೀನಿ. ಬೇರೆ ಯಾರಿಗೆ ಹೇಳಿದರೂ 'ಹೋಗ್ಲಿ ಬಿಡು ಗೌರಿ, ಸತ್ತೋರ ಸಾಮಾನು' ಅಂತಾರೆ. ನೀನಾದರೆ ಹಾಗನ್ನಲ್ಲ. ನೀನಾದರೆ...

ಗೆಂಡೆಹಳ್ಳಿ ಮನೆ ಹಿತ್ತಲು ನೆನಪಾಗುತ್ತೆ. ಬೇಸಿಗೆ ರಜೆಗೆ ನಾನು ಬಂದಾಗೆಲ್ಲ ನೀನು ಮುರಿದಿದ್ದು ಒಡೆದಿದ್ದು ಏನನ್ನಾದರೂ ಮುಂದೆ ಹರವಿಕೊಂಡು ಕುಕ್ಕರಗಾಲಲ್ಲಿ ಕೂತಿರ್ತಿದ್ದೆ. ಸ್ಕೂಲಿನವರು ಆಚೆ ಹಾಕಿದ ಬೆಂಚು ನಿನ್ನ ಕೈಯಲ್ಲಿ ಸೌದೆ ಒಟ್ಟೋ ಅಟ್ಟಣೆ ಆಯ್ತು. ರೇಣಣ್ಣನ ತೊಟ್ಟಿಲಿನ ಹಲಗೆ ಅಡುಗೆಮನೆ ಗೋಡೆ ಹತ್ತಿ ಡಬ್ಬಗಳನ್ನ ಹೊತ್ತುಕೊಂಡಿತು. ಗೆದ್ದಲು ತಿಂದ ಬಾಗಿಲನ್ನ ಅಡ್ಡಕ್ಕೆ ಕೊಯ್ದು, ಗಟ್ಟಿ ಉಳಿದ ಅರ್ಧ ಭಾಗವನ್ನ ಕೊಟ್ಟಿಗೆಗೆ ಹಾಕಿದ್ದೆ. ಊರಿನವರು ಬೆನ್ನ ಹಿಂದೆ ನಿನ್ನನ್ನ ಗುಜರಿ ಗಂಗಮ್ಮ ಅಂತಿದ್ದರು. ನಿನಗೂ ಗೊತ್ತಿತ್ತು. "ಇದೇನು ಪಾಪ ಮಾಡೈತೆ ಅಂತ ಬಿಸಾಕೋದು?" ಅಂತ ಕೇಳ್ತಾ ಮೊಳೆ ನೆಟ್ಟಗೆ ಮಾಡ್ತಿದ್ದೆ. ನಾನು ಸುತ್ತಿಗೆಯನ್ನ ಅದರ ಕುತ್ತಿಗೆ ಹತ್ತಿರ ಹಿಡಿದರೆ ನನ್ನ ಕೈಗೆ ಒಂದೇಟು ಹಾಕಿ, ಹಿಡಿಯ ತುದಿಗೆ ಜರುಗಿಸ್ತಿದ್ದೆ. ಆಮೇಲೆ ನನ್ನನ್ನ ಗುಜರಿ ಅಂಗಡಿಯವರಿಗೇ ಕೊಟ್ಟು ಮದುವೆ ಮಾಡಿದಾಗ ಮನೆಯವರೆಲ್ಲ ಮುಖ ಹುಳಿ ಮಾಡಿಕೊಂಡರೆ, ನೀನೊಬ್ಬಳೇ ತಾನೇ ಹೊಟ್ಟೆ ಹಿಡ್ಕೊಂಡು ನಕ್ಕಿದ್ದು?

ನೀನು ರೇಣಣ್ಣನ ಮನೆಗೆ ಬಂದು, ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡ ಮೇಲೆ ನಾನು ನೋಡೋಕೆ ಬಂದ ದಿನ ಮರೆಯೋಕಾಗಲ್ಲ. ಆಪರೇಷನ್ ಆಗಿತ್ತು, ಆದರೂ ಕಾಲು ಊರೋಕೆ ಆಗ್ತಿರಲಿಲ್ಲ. ಹಿಂದಿನ ರೂಮಿಗೆ ನಿನ್ನನ್ನ ಹಾಕಿದ್ದರು. ಹಾಕಿದ್ದರು ಅಂತಲೇ ಬರೀತೀನಿ, ಅದಕ್ಕೆ ಬೇರೆ ಪದ ಇಲ್ಲ. ಬಾಗಿಲು ತೆಗೆದ ತಕ್ಷಣ ವಾಸನೆ ಮುಖಕ್ಕೆ ಬಡೀತು. ಸುಳ್ಳು ಯಾಕೆ, ನನಗೂ ಉಸಿರು ಬಿಗಿಹಿಡಿಯೋ ಹಾಗಾಯ್ತು. ಸುಮಿತ್ರತ್ತಿಗೆ ಬಾಗಿಲಾಚೆಯೇ ನಿಂತು, ಸೆರಗು ಮೂಗಿಗೆ ಒತ್ತಿಕೊಂಡು, ನೋಡ್ಕೊಳ್ಳೋಕೆ ಹೆಂಗಸನ್ನ ಇಟ್ಟರೂ ನಿಲ್ತಿಲ್ಲ, ಡೈಪರ್ ಹಾಕಿದರೆ ಕಿತ್ತು ಬಿಸಾಕ್ತಾರೆ ಅಂತ ದೂರು ಹೇಳಿದರು. ನಿನ್ನ ತುಟಿ ಒಡೆದು ಹೊಪ್ಪಳೆ ಎದ್ದಿತ್ತು. ನೀರು ಕೊಟ್ಟರೆ ಮುಖ ತಿರುಗಿಸಿದೆ. ಅತ್ತಿಗೆ ಆ ಕಡೆ ಹೋದ ಮೇಲೆ ನನ್ನ ಕೈ ಹಿಡಿದು ಹೇಳಿದೆ, "ಹೊಟ್ಟೆಗೆ ಹಾಕಿದ್ರೆ ತಾನೇ ಕಣೇ ಆಚೆಗೆ ಬರೋದು? ಹಾಕೋದೇ ಬ್ಯಾಡ."

ಊರಿಗೆಲ್ಲ ಉಣ್ಣೋಕಿಕ್ಕಿದ ಹೆಂಗಸು ಉಚ್ಚೆ ಬರುತ್ತೆ ಅಂತ ನೀರು ಬಿಟ್ಟಿದ್ದಳು. ಇದಕ್ಕಿಂತ ಅಸಹ್ಯ ಯಾವುದಾದರೂ ಇದೆಯಾ? ವಾಸನೆಯಲ್ಲ ದೊಡ್ಡಮ್ಮ, ವಾಸನೆ ತೊಳೆದರೆ ಹೋಗುತ್ತೆ.

ಅವತ್ತೇ ಮನೆಗೆ ಬಂದು ಗುಜರಿ ರಾಶಿಯಲ್ಲಿ ಕೈಯಾಡಿಸಿದೆ. ಕಲ್ಯಾಣ ಮಂಟಪದವರು ತೂಕಕ್ಕೆ ಹಾಕಿದ್ದ ಕಬ್ಬಿಣದ ಕುರ್ಚಿ ಒಂದಿತ್ತು. ಯಾವುದೋ ಆಸ್ಪತ್ರೆಯ ಮುರಿದ ಸ್ಟ್ರೆಚರಿನ ಚಕ್ರಗಳಿದ್ದವು, ಬ್ರೇಕೂ ಇತ್ತು. ಲಾಡ್ಜ್ ಒಡೆದಾಗ ಬಂದ ಕಮೋಡಿನ ಪ್ಲಾಸ್ಟಿಕ್ ಸೀಟು ಸಿಕ್ಕಿತು. ಕುರ್ಚಿಯ ತಳ ಕೊಯ್ದು, ಪಾಯಿಖಾನೆಯ ಬೇಸಿನ್ ಮೇಲೆ ಸರಿಯಾಗಿ ನಿಲ್ಲೋ ಎತ್ತರಕ್ಕೆ ಕಾಲು ಕೂಡಿಸಿ, ಪಕ್ಕದ ಗ್ರಿಲ್ ಅಂಗಡಿಯಲ್ಲಿ ವೆಲ್ಡಿಂಗ್ ಮಾಡಿಸಿದೆ. ಕೂತರೆ ಮೂಳೆ ಒತ್ತದಿರಲಿ ಅಂತ ಸ್ಕೂಟರ್ ಟ್ಯೂಬಿಗೆ ಅರೆಬರೆ ಗಾಳಿ ತುಂಬಿ, ರೆಕ್ಸಿನ್ ಸುತ್ತಿ, ಸೀಟಿನ ಮೇಲೆ ಕಟ್ಟಿದೆ. ತಂದು ತೋರಿಸಿದರೆ ನೀನು ಮೊದಲು ಹೊಗಳಿದೆಯಾ? ಇಲ್ಲ. ಮಲಗಿದಲ್ಲಿಂದಲೇ ಕೈ ಚಾಚಿ ತಡವಿ, ಕಬ್ಬಿಣ ತಣ್ಣಗೆ ಕೊರೆಯುತ್ತೆ, ಕೈ ಇಡೋ ಕಡೆ ಮರ ಹಾಕು ಅಂದೆ. ಗೆಂಡೆಹಳ್ಳಿಯ ನಿನ್ನ ಹಳೇ ಮಂಚದ ತಲೆಕಡೆ ಹಲಗೆ ನಮ್ಮ ಮನೆ ಅಟ್ಟದಲ್ಲಿತ್ತು. ಸಾಗುವಾನಿ. ಅದನ್ನೇ ಕೊಯ್ದು ಉಜ್ಜಿ ಎರಡು ಕೈ ಮಾಡಿ ಹಾಕಿದೆ. ಪಾಯಿಖಾನೆ ಹೊಸ್ತಿಲು ಅಡ್ಡ ಬರುತ್ತೆ ಅಂತ ಹಳೇ ರೋಲಿಂಗ್ ಶಟರಿನ ತಗಡಲ್ಲಿ ಇಳಿಜಾರನ್ನೂ ಮಾಡಿದೆ.

ಮೊದಲ ದಿನ ನಿನ್ನನ್ನ ಕೂರಿಸಿ ತಳ್ಳಿಕೊಂಡು ಹೋದಾಗ ನೀನು ನನ್ನನ್ನ ಆಚೆ ಕಳಿಸಿ, ಬಾಗಿಲು ಹಾಕು ಅಂದೆ. ಎಷ್ಟೋ ಹೊತ್ತು ಸದ್ದಿಲ್ಲ. ನನಗೆ ಹೆದರಿಕೆಯಾಗಿ ಬಾಗಿಲು ತಟ್ಟಿದರೆ ಒಳಗಿಂದ ಬೈದೆ. ಆಮೇಲೆ ನನ್ನನ್ನ ಕರೆದು ಹೊರಗೆ ಬಂದವಳು ಕೈ ತೊಳಕೊಂಡು, ಸೆರಗು ಸರಿ ಮಾಡಿಕೊಂಡು, ಕಾಫಿ ಕೇಳಿದೆ. ಕಾಫಿ ಕುಡಿದು ನೀರು ಕೇಳಿದೆ. ಆ ನೀರು ನಿನ್ನ ಗಂಟಲಲ್ಲಿ ಇಳಿಯೋದನ್ನ ನೋಡ್ತಾ ನಾನು ನಿಂತಿದ್ದೆ. ಅಷ್ಟು ಸಮಾಧಾನ ನನಗೆ ಯಾವ ದೇವಸ್ಥಾನದಲ್ಲೂ ಆಗಿಲ್ಲ.

ಆದರೆ ಆ ಮನೆಯವರಿಗೆ ಕುರ್ಚಿ ಕಂಡರೆ ಆಗ್ತಿರಲಿಲ್ಲ. ಯಾರಾದರೂ ಬಂದರೆ ಅದರ ಮೇಲೆ ಬೆಡ್‌ಶೀಟ್ ಹೊದಿಸ್ತಿದ್ದರು. ನಿನ್ನ ಮೊಮ್ಮಗಳನ್ನ ನೋಡೋಕೆ ಗಂಡಿನವರು ಬಂದ ದಿನವಂತೂ ಅದನ್ನ ಟೆರೇಸಿಗೇ ಹೊತ್ತು ಹಾಕಿಬಿಟ್ಟರು. ನಾನು ಸಾಯಂಕಾಲ ಬಂದೆ. ಮುಂದಿನ ಹಾಲ್‌ನಲ್ಲಿ ಬೆಳ್ಳಿ ತಟ್ಟೆ, ಕೇಸರಿಬಾತಿನ ಘಮ, ಊದುಬತ್ತಿ, ನಗು. ಹಿಂದಿನ ರೂಮಲ್ಲಿ ನೀನು ಒದ್ದೆ ಹಾಸಿಗೆಯ ಮೇಲೆ ಗೋಡೆ ಕಡೆ ತಿರುಗಿ ಮಲಗಿದ್ದೆ. ಬೆಳಿಗ್ಗೆಯಿಂದ ಕರೆದಿದ್ದೀಯ, ಯಾರೂ ಬಂದಿಲ್ಲ. ನಾನೇ ನಿನ್ನ ಸೀರೆ ಬದಲಾಯಿಸಿದೆ. ಜಗಳ ಮಾಡ್ತೀನಿ ಅಂತ ಎದ್ದೆ. ಗಂಡಿನವರ ಮುಂದೆ ಬೇಡ ಅಂತ ನೀನು ಕಣ್ಣಲ್ಲೇ ತಡೆದೆ. ತಡೀಬಾರದಿತ್ತು ದೊಡ್ಡಮ್ಮ. ಆ ಬೆಳ್ಳಿ ತಟ್ಟೆಯ ಮುಂದೆ ನಾನು ಆ ಒದ್ದೆ ಸೀರೆಯನ್ನ...

ಇರಲಿ. ನೀನು ಹೋದೆ. ಸಮಾಧಿ ಮಾಡಿ ಬಂದ ಮಾರನೇ ದಿನವೇ ನಿನ್ನ ಹಾಸಿಗೆ, ದಿಂಬು, ಕುರ್ಚಿ ಎಲ್ಲವನ್ನೂ ಆಟೋದಲ್ಲಿ ತುಂಬಿ ತಿಪ್ಪೆಗೆ ಕಳಿಸಿದರಂತೆ. ನಿನ್ನ ಹೆಸರಲ್ಲಿ ಮಾಡಿದ ಶಿವಗಣಾರಾಧನೆಯ ಊಟಕ್ಕೆ ಕೂತಾಗ ಪಕ್ಕದವರು ಯಾರೋ ಹಾಗೇ ಮಾತಿಗೆ ಹೇಳಿದರು. ಎಲೆ ಮೇಲೆ ಹೋಳಿಗೆ ಬಿದ್ದಿತ್ತು. ನಿನ್ನ ರೂಮಿನ ಬಾಗಿಲು ದಾಟದವರೆಲ್ಲ ತುಪ್ಪ ಹಾಕಿಸಿಕೊಂಡು, ಗಂಗಮ್ಮನವರು ಪುಣ್ಯವಂತೆ ಅಂತಿದ್ದರು. ನಾನು ಎಲೆ ಮಡಚಿದೆ. ಎದ್ದು ಕೈ ತೊಳೆದು ನೇರ ಕೆರೆ ಏರಿ ಕಡೆ ನಡೆದೆ. ಪ್ಲಾಸ್ಟಿಕ್ ಚೀಲ, ಕೊಳೆತ ಹೂವಿನ ಹಾರ, ಎಳನೀರು ಬುರುಡೆಗಳ ನಡುವೆ ನಿನ್ನ ಕುರ್ಚಿ ತಲೆಕೆಳಗಾಗಿ ಬಿದ್ದಿತ್ತು. ಹಂದಿಗಳು ಹತ್ತಿರದಲ್ಲೇ ಇದ್ದವು. ಒಳ್ಳೆ ರೇಷ್ಮೆ ಸೀರೆ ಉಟ್ಟಿದ್ದೆ. ಅದರಲ್ಲೇ ಇಳಿದು ಎಳೆದು ತಂದೆ.

ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿ, ಬಿಸಿಲಿಗೆ ಇಟ್ಟೆ. ನಮ್ಮೆಜಮಾನ್ರು ನೋಡಿ ಮುಖ ಸಿಂಡರಿಸಿದರು. ಕಬ್ಬಿಣದ ರಾಶಿಗೆ ಹಾಕು, ಸತ್ತೋರು ಕೂತಿದ್ದನ್ನ ಯಾರು ಮುಟ್ತಾರೆ ಅಂದರು. ಆಗ ಬಂದ ಸಿಟ್ಟು ಇಷ್ಟಲ್ಲ. ನಮ್ಮ ಅಂಗಳದಲ್ಲಿರೋದೆಲ್ಲ ಏನು? ನಾವು ಮಲಗೋ ಮಂಚ ಬೇಲೂರಿನ ಯಾವುದೋ ಒಡೆದ ಮನೆಯದ್ದು. ಅದರಲ್ಲಿ ಎಷ್ಟು ಜನ ಸತ್ತರೋ ಕೇಳಿದ್ದೀವಾ? ಅಷ್ಟು ಅಂದುಬಿಟ್ಟೆ. ಗಂಡಸರ ಹೇಸಿಗೆಗೆ ಲೆಕ್ಕಾಚಾರ ಇಲ್ಲ ದೊಡ್ಡಮ್ಮ, ಚರಂಡಿಯಿಂದ ತಂತಿ ಎತ್ತುವಾಗ ಬರೋದಿಲ್ಲ.

ಆಮೇಲೆ ಒಂದು ದಿನ ಅವರು ಹಳೇಬೀಡಿನ ಕಡೆ ಟೆಂಪೊ ತಗೊಂಡು ಗುಜರಿಗೆ ಹೋಗಿ ಬಂದವರು ಊಟಕ್ಕೆ ಕೂತರೂ ತಟ್ಟೆಯಲ್ಲಿ ಬೆರಳಾಡಿಸ್ತಾ ಇದ್ದರು. ಕೇಳಿದ್ದಕ್ಕೆ ಮೆಲ್ಲಗೆ ಹೇಳಿದರು. ಬಸ್ತಿಹಳ್ಳಿಯಲ್ಲಿ ರಂಗಣ್ಣ ಅಂತ ಒಬ್ಬ. ತೆಂಗಿನ ಮರ ಹತ್ತಿ ಕಾಯಿ ಕೆಡವುತ್ತಿದ್ದವನು, ಬಿದ್ದು ಬೆನ್ನು ಮುರಿದಿದೆ, ಸೊಂಟದಿಂದ ಕೆಳಗೆ ಸ್ವಾಧೀನವಿಲ್ಲ. ಅವರ ಮನೆಯ ಕೆಟ್ಟ ಮೋಟರ್ ತೂಕ ಹಾಕೋವಾಗ ಅವನ ಹೆಂಡತಿ ಜಯಮ್ಮ ಅವನನ್ನ ಬೆನ್ನ ಮೇಲೆ ಹೊತ್ತು ಹಿತ್ತಲ ಪಾಯಿಖಾನೆಗೆ ಹೋದದ್ದನ್ನ ಇವರು ನೋಡಿದ್ದಾರೆ. ಇಷ್ಟು ಹೇಳಿ ಎದ್ದು ಕೈ ತೊಳೆದರು. ಬೆಳಿಗ್ಗೆ ನಾನು ಎದ್ದು ಬರೋ ಹೊತ್ತಿಗೆ ನಿನ್ನ ಕುರ್ಚಿ ಟೆಂಪೊದಲ್ಲಿತ್ತು. ಅವರೇ ಹತ್ತಿಸಿದ್ದರು. ನನ್ನ ಸ್ಪಾನರ್ ಚೀಲವನ್ನೂ.

ಅಲ್ಲಿ ಇನ್ನೊಂದು ರಾಮಾಯಣ. ಯಾರದ್ದು ಅಂತ ಜಯಮ್ಮ ಕೇಳಿದಳು. ಸುಳ್ಳು ಹೇಳೋಕೆ ನಾಲಿಗೆ ಬರಲಿಲ್ಲ. ನಮ್ಮ ದೊಡ್ಡಮ್ಮಂದು, ತೀರಿಹೋದರು ಅಂದೆ. ಮೂಲೆಯಲ್ಲಿ ಕೂತಿದ್ದ ರಂಗಣ್ಣನ ತಾಯಿ ಥೂ ಅಂತ ಉಗಿದು ಒಳಗೆ ಹೋದರು. ರಂಗಣ್ಣನೂ ಗೋಡೆ ಕಡೆ ಮುಖ ಮಾಡಿ ಬೇಡ ಅಂದ. ಸತ್ತೋರ ಸಾಮಾನಲ್ಲಿ ಕೂತು ನಾನೂ ಬೇಗ ಹೋಗ್ಲಿ ಅಂತಾನಾ, ಅಂತ ಗೊಣಗಿದ. ನನಗೆ ಮತ್ತೆ ಆ ತಿಪ್ಪೆಯ ವಾಸನೆ ಬಂದ ಹಾಗಾಯ್ತು. ಎಲ್ಲಾ ಕಡೆ ಇದೇನಾ? ವಾಪಸ್ ಹತ್ತಿಸೋಣ ಅಂತ ನಾನು ಕುರ್ಚಿಗೆ ಕೈ ಹಾಕಿದೆ.

ಜಯಮ್ಮ ನನ್ನ ಕೈ ತೆಗೆದಳು. ಗಂಡನ ಕಡೆ ತಿರುಗಿ ಜೋರು ಮಾಡದೇ ಹೇಳಿದಳು, "ನಿನ್ನ ಎತ್ತಿ ಎತ್ತಿ ನನ್ನ ಸೊಂಟ ಬಿದ್ದೋಗೈತೆ. ಇದರಾಗೆ ದೆವ್ವ ಕೂತಿದ್ರೂ ಪಕ್ಕಕ್ಕೆ ಸರಿಯವ್ವ ಅಂದು ನಿನ್ನ ಕೂರುಸ್ತೀನಿ."

ಅವನು ಗೋಡೆಯಿಂದ ಮುಖ ಈ ಕಡೆ ತಿರುಗಿಸಿದ. ಆದರೆ ಕೂರಿಸೋಕೆ ಹೋದರೆ ಕಷ್ಟವಾಯ್ತು. ನಿನ್ನನ್ನಾದರೆ ಮುಂದಿನಿಂದ ಕೂರಿಸ್ತಿದ್ದೆ, ನೀನು ಹಗುರ. ಅವನು ಮಂಚದಿಂದ ತಾನೇ ತೋಳು ಊರಿ ಪಕ್ಕಕ್ಕೆ ಜಾರಬೇಕು. ಕುರ್ಚಿಯ ಕೈ ಅಡ್ಡ. ತೆಗೀಲೇಬೇಕಿತ್ತು. ಸ್ಪಾನರ್ ಹಿಡಿದು ಕೂತೆ. ನಿನ್ನ ಅಂಗೈ ಊರಿದ ಜಾಗದಲ್ಲಿ ಸಾಗುವಾನಿ ಕಪ್ಪಗೆ ನುಣುಪಾಗಿತ್ತು. ಅಷ್ಟು ಉಜ್ಜಿದರೂ ಅದು ಹೋಗಿರಲಿಲ್ಲ. ನೀನು ಸತ್ತ ದಿನ ಅಳದವಳು ಅಲ್ಲಿ, ಗೊತ್ತಿಲ್ಲದವರ ಹಜಾರದಲ್ಲಿ, ನಟ್ಟು ಬಿಚ್ಚುತ್ತಾ ಅತ್ತುಬಿಟ್ಟೆ. ಜಯಮ್ಮ ನೀರು ತಂದಿಟ್ಟಳು. ಮಂಚದ ಕಡೆಯ ಕೈಯನ್ನ ಪೂರ್ತಿ ಬಿಚ್ಚಿ ತೆಗೆಯಲಿಲ್ಲ ನಾನು. ಕಿಟಕಿಯ ಹಳೇ ಕೀಲು ಹಾಕಿ, ಮೇಲಕ್ಕೆ ಎತ್ತಿದರೆ ಹಿಂದಕ್ಕೆ ಮಡಚಿಕೊಳ್ಳೋ ಹಾಗೆ ಮಾಡಿದೆ. ಜಾರಿ ಕೂತ ಮೇಲೆ ಇಳಿಸಿದರಾಯ್ತು. ಹಿತ್ತಲಿಗೆ ಹೋಗೋ ಮೆಟ್ಟಿಲಿಗೆ ಅವರದ್ದೇ ಮುರಿದ ಬಾಗಿಲನ್ನ ಓರೆಯಾಗಿ ಹಾಸಿ, ಜಾರದಿರಲಿ ಅಂತ ಅಡ್ಡಪಟ್ಟಿ ಹೊಡೆದೆ.

ಈ ಸುದ್ದಿ ರೇಣಣ್ಣನ ಕಿವಿಗೂ ಬಿತ್ತು. ಹೋದ ವಾರ ಅಂಗಡಿಗೆ ಬಂದಿದ್ದ. ಕೂತ್ಕೊಳ್ಳಲಿಲ್ಲ, ಪ್ಯಾಂಟಿಗೆ ತುಕ್ಕು ಹತ್ತುತ್ತೆ. ಕುರ್ಚಿ ಕೊಟ್ಟಿದ್ದು ಒಳ್ಳೇದಾಯ್ತು, ಆದರೆ ತಿಪ್ಪೆಯಿಂದ ತಂದದ್ದು ಅಂತ ಯಾರಿಗೂ ಹೇಳಬೇಡ, ನಾವೇ ದಾನ ಕೊಟ್ಟೆವು ಅಂತ ಹೇಳು ಅಂದ. ನಾನು ಅವನನ್ನೇ ನೋಡಿದೆ. ನಿನ್ನ ಮೂಗು, ನಿನ್ನ ಹಣೆ. ಹೇಗೆ ಹುಟ್ಟಿದ ದೊಡ್ಡಮ್ಮ ಇವನು ನಿನ್ನ ಹೊಟ್ಟೆಯಲ್ಲಿ? ಕೇಳಿದವರಿಗೆಲ್ಲ ಇದ್ದದ್ದನ್ನೇ ಹೇಳ್ತೀನಿ ಅಂದೆ. ಅವನು ಹೋದ. ಇನ್ನು ಆ ಮನೆಯ ನೀರು ನಾನು ಮುಟ್ಟಲ್ಲ. ನೀನು ಕ್ಷಮಿಸು ಅನ್ನಬಹುದು, ನನ್ನ ಕೈಲಾಗಲ್ಲ.

ನಿನ್ನೆ ಬಸ್ತಿಹಳ್ಳಿಗೆ ಹೋಗಿದ್ದೆ, ಚಕ್ರಕ್ಕೆ ಎಣ್ಣೆ ಬಿಡೋಕೆ. ರಂಗಣ್ಣನ ತಾಯಿಯೇ ಕಾಫಿ ಕೊಟ್ಟರು, ಮುಖ ಮಾತ್ರ ಇನ್ನೂ ಗಂಟು. ಜಗಲಿಯಲ್ಲಿ ಕೂತು ಕುಡೀತಿದ್ದರೆ ಒಳಗಿಂದ ರಂಗಣ್ಣ ಅವಸರದಲ್ಲಿ ಕೂಗಿದ, "ಜಯಾ, ಅಜ್ಜೀನ ತಕ್ಕಂಡು ಬಾ." ಅಜ್ಜಿ ಇಲ್ಲೇ ಇದಾರಲ್ಲ ಅಂತ ನಾನು ಆ ಮುದುಕಿಯನ್ನ ನೋಡಿದೆ. ಜಯಮ್ಮ ನಾಚಿಕೊಂಡು ನಕ್ಕು, ನಿನ್ನ ಕುರ್ಚಿಯನ್ನ ತಳ್ಳಿಕೊಂಡು ಒಳಗೆ ಹೋದಳು.

ಅದಕ್ಕೆ ಅವರು ಇಟ್ಟಿರೋ ಹೆಸರು ಅದು ದೊಡ್ಡಮ್ಮ. ನೀನು ನೋಡದ ಊರಲ್ಲಿ, ನೋಡದ ಮನೆಯಲ್ಲಿ ದಿನಾ ಬೆಳಿಗ್ಗೆ ಒಬ್ಬ ಗಂಡಸು ಎದ್ದ ತಕ್ಷಣ ನಿನ್ನನ್ನ ಕರೀತಾನೆ. ಕರೆದ ಕೂಡಲೇ ನೀನು ಹೋಗ್ತೀಯ.

ನಿನ್ನ,
ಗೌರಿ