ಶನಿವಾರದ ಗೃಹಮಂತ್ರಿ

ಅಕ್ಕನ ಮನೆ
ಭಾನುವಾರ ಬೆಳಿಗ್ಗೆ

ಊರನ್ನೆಲ್ಲ ನಗಿಸುವ ನನ್ನವರಿಗೆ,

ಅಕ್ಕನಿಗೆ ಮಂಡಿನೋವು, ನೋಡಿಕೊಳ್ಳಲು ಹೋಗಿದ್ದಾಳೆ ಅಂತ ಪಕ್ಕದ ಮನೆಯವರಿಗೆ ಹೇಳಿದ್ದೀರಂತೆ. ಹೇಳಿಕೊಳ್ಳಿ. ಅಕ್ಕನ ಮಂಡಿ ಗಟ್ಟಿಮುಟ್ಟಾಗಿದೆ.

ನಿಮ್ಮ ಶನಿವಾರದ ಹಾಸ್ಯ ಅಂಕಣದಲ್ಲಿ ನಾನು 'ಗೃಹಮಂತ್ರಿ'ಯಾಗಿ ವರ್ಷಗಳೇ ಆದವು. ನನ್ನ ಗೊರಕೆ, ನಾನು ಚರಂಡಿಗಿಳಿಸಿದ ಸ್ಕೂಟರ್, ಎಲ್ಲವನ್ನೂ ಊರು ಓದಿ ನಕ್ಕಿತು. ಎಷ್ಟೋ ಸಲ ಸರಕು ಒದಗಿಸಿದವಳೂ ನಾನೇ. ಕರಾರು ಒಂದೇ ಇತ್ತು: ಗುರುವಾರ ಹಾಳೆ ನನ್ನ ಕೈಗೆ ಬರಬೇಕು, ನಾನು ಕೆಂಪು ಪೆನ್ಸಿಲಿನಲ್ಲಿ ಹೊಡೆದದ್ದು ಅಚ್ಚಾಗಬಾರದು. ಒಂದು ಸಲವೂ ನೀವು ತಪ್ಪಿರಲಿಲ್ಲ. ಅದಕ್ಕೇ ಕಿವಿಯ ವಿಷಯ ನಿಮಗೊಬ್ಬರಿಗೇ ಹೇಳಿದ್ದು.

ನಲ್ಲಿ ರಿಪೇರಿಯವನು "ಗೋಡೆ ಒಡೆದುಬಿಡ್ಲಾ ಅಮ್ಮಾ?" ಅಂದಾಗ ನಾನು ಸುಮ್ಮನೆ ತಲೆಯಾಡಿಸಿ, ಬಚ್ಚಲು ಬೀದಿಗೆ ಬಯಲಾಯಿತಲ್ಲ, ಅವತ್ತು. ಬಲಗಿವಿ ಹೋಗಿದೆ, ಎಡಗಿವಿಯೂ ಮಂಕಾಗುತ್ತಿದೆ, ಶಾಲೆಯಲ್ಲಿ ತಿಳಿದರೆ ಪಾಠ ಬಿಡಿಸುತ್ತಾರೆ ಅಂತ ಅತ್ತುಬಿಟ್ಟೆ. ನೀವು ಎಡಗಡೆಗೆ ಬಂದು ಕೂತು, "ಯಾರಿಗೂ ಗೊತ್ತಾಗಲ್ಲ ಕಣೆ, ನಾನಿದ್ದೀನಲ್ಲ" ಅಂದಿರಿ.

ಮೊನ್ನೆಯದಲ್ಲ, ಅದರ ಹಿಂದಿನ ಗುರುವಾರ ಹಾಳೆ ಬರಲಿಲ್ಲ. ಈ ಸಲ ನಗರಸಭೆ ಅಧ್ಯಕ್ಷರ ಸರದಿ, ನಿನ್ನ ಪೆನ್ಸಿಲ್ಲಿಗೆ ರಜೆ ಅಂದಿರಿ. ಶನಿವಾರ ಅಚ್ಚಾದದ್ದು ನನ್ನ ಕಿವಿ.

ಸೋಮವಾರ ಒಂಬತ್ತನೇ ತರಗತಿಗೆ ಆಸ್ಥಾನದ ವಿದೂಷಕರ ಪಾಠವಿತ್ತು. ರಾಜನ ಎದುರೇ ನಿಂತು ರಾಜನನ್ನು ಗೇಲಿ ಮಾಡುತ್ತಿದ್ದವರು. ಗೇಲಿ ಯಾವತ್ತೂ ಮೇಲಿನವರ ಕಡೆಗೆ ಹೋಗಬೇಕು ಎಂಬ ನಿಮ್ಮ ಮಾತನ್ನೇ ಬೋರ್ಡಿನ ಮೇಲೆ ಬರೆದು ತಿರುಗಿದೆ. ಹಿಂದಿನ ಬೆಂಚಿನ ಹುಡುಗಿ ಎದ್ದು ಏನೋ ಕೇಳಿದಳು. ಮುಗುಳ್ನಕ್ಕು ತಲೆಯಾಡಿಸಿದೆ. ತರಗತಿ ಬಿದ್ದು ಬಿದ್ದು ನಕ್ಕಿತು. ಅವಳು ದನಿ ತೆಗೆಯದೆ ಬರೀ ತುಟಿ ಆಡಿಸಿದ್ದಳು.

ಮರುದಿನ ಮುಖ್ಯೋಪಾಧ್ಯಾಯಿನಿ ಕರೆಸಿದರು. ಮೇಜಿನ ಮೇಲೆ ನಿಮ್ಮ ಅಂಕಣ. ನಾನದನ್ನು ಪೂರ್ತಿ ಓದಿದ್ದು ಅಲ್ಲೇ. ಪಾಪ, ಬೈಯಲಿಲ್ಲ. "ಮುಂದಿನ ತಿಂಗಳಿಂದ ಲೈಬ್ರರಿ ನೋಡ್ಕೊಳ್ಳಿ ಮೇಡಂ, ಅಲ್ಲಿ ಹೇಗೂ ಯಾರೂ ಮಾತಾಡಲ್ಲ" ಎಂದರು. ಅವರು ತಮಾಷೆ ಮಾಡಿದ್ದಲ್ಲ, ಸಮಾಧಾನ ಹೇಳಿದ್ದು.

ಅಧ್ಯಕ್ಷರ ಲೇಖನವನ್ನು ಸಂಪಾದಕರು ತಡೆದರು, ಜಾಗ ಖಾಲಿ ಬಿಡಲಾಗದೆ ತೋಚಿದ್ದು ಗೀಚಿದೆ ಅಂದಿರಿ. ಅದನ್ನೂ ನಂಬಿದೆ. ನಿನ್ನೆ ಆ ಸಂಪಾದಕರೇ ನನ್ನನ್ನು ನೋಡಲು ಇಲ್ಲಿಗೆ ಬಂದಿದ್ದರು. ಎದುರು ಕೂತು, ನನಗೆ ಕೇಳಿಸುವಂತೆ ನಿಧಾನವಾಗಿ ಹೇಳಿದರು: "ನಾನೆಲ್ಲಮ್ಮ ತಡೆದೆ? ಹಾಕೋಣ ಅಂತ ಕುಣೀತಿದ್ದೆ. ಅವನೇ ವಾಪಸ್ ಇಸ್ಕೊಂಡ. ಅಧ್ಯಕ್ಷರ ಕೈಯಿಂದ್ಲೇ ಹಾಸ್ಯ ಪ್ರಶಸ್ತಿ ತಗೋಬೇಕಲ್ಲ!"

ರಾಜನಿಗೆ ಹೆದರಿದಿರಿ. ಹೆದರಿ ಓಡಿದವರು ನನ್ನನ್ನು ತುಳಿದುಕೊಂಡು ಓಡಬೇಕಿತ್ತೇ?

ಪ್ರಶಸ್ತಿಯ ದಿನ ನಿಮ್ಮ ಪಕ್ಕದ ಕುರ್ಚಿಗೆ ನಾನು ಬರುವುದಿಲ್ಲ. ಅಂಕಣಕ್ಕೂ ಬರುವುದಿಲ್ಲ. ಮನೆಗೆ ಬರುವ ಮಾತು ಈಗ ಕೇಳಬೇಡಿ.

ಇಂತಿ,
ನಿಮ್ಮ ಹೆಂಡತಿ

ತಾ.ಕ.: ಪತ್ರಿಕೆಯನ್ನು ಶಾಲೆಗೆ ಒಯ್ದವರು ಯಾರು ಅಂತ ನೀವು ಕೇಳಿದ್ದಿರಿ, ನಾನು ಹೇಳಿರಲಿಲ್ಲ. ಒಯ್ದವಳು ನಾನೇ. ಆ ಶನಿವಾರ ಸ್ಟಾಫ್ ರೂಮಿನಲ್ಲಿ ಮೊದಲ ಪ್ಯಾರಾ ಓದಿ ಜೋರಾಗಿ ನಕ್ಕುಬಿಟ್ಟೆ, ಅಷ್ಟು ಚೆನ್ನಾಗಿತ್ತು. "ಏನಂತೆ ನಿಮ್ಮೆಜಮಾನ್ರು?" ಅಂತ ಪಕ್ಕದ ಟೀಚರು ಕೈ ಚಾಚಿದರು. ಎರಡನೆಯದನ್ನು ಓದದೆಯೇ ಕೊಟ್ಟೆ. ನೀವು ಬರೆದದ್ದಲ್ಲವೇ ಅಂತ.