ದೋಣಿ ವಾಲುವುದಕ್ಕೆ ಎರಡು ಪದ

೩ ಫೆಬ್ರವರಿ ೧೯೫೮, ಸೋಮವಾರ
ಬೆಳಿಗ್ಗೆಯಿಂದ ದೋಣಿ ಕಟ್ಟುವ ಯಾರ್ಡಿನಲ್ಲೇ. ಅಳಿಯ ಕ್ಲೆಮ್‌ನ ಬೋಟಿಗೆ ಎಡಮಗ್ಗುಲ ಹಲಗೆ ಹಾಕಿ ಮುಗಿಸಿದೆ. ಸಂದಿಗೆ ನಾರು ತುರುಕಿ ಮೆತ್ತು ಬಳಿದಿದ್ದೇನೆ. ಇನ್ನೂ ಹಸಿ. ಎರಡು ದಿನ ಒಣಗಬೇಕು. ಅವನಿಗೆ ತಡೆಯದು. ಮೀನು ಬಂದಿದೆಯಂತೆ.

"ಇಷ್ಟು ಸಾಕಾ, ಮಾವ?"

"ಸಾಕು, ಹೋಗೋ" ಎಂದುಬಿಟ್ಟೆ. ನನಗೂ ಮನೆ ಸೇರುವ ಆತುರ.

ಗಾಳಿಗೆ ವಾಲಿದ ಹಾಯಿದೋಣಿಯೊಂದನ್ನು ತೋರಿಸಿ, "ನೋಡಿ, ಲಿಸ್ಟ್ ಆಗ್ತಿದೆ" ಎಂದ.

"ಲಿಸ್ಟ್ ಅಲ್ವೋ ಮಾರಾಯ, ಹೀಲ್! ಗಾಳಿ ತಳ್ಳಿ ವಾಲಿದ್ರೆ ಹೀಲ್. ಗಾಳಿ ನಿಂತ್ರೆ ತಾನೇ ನೆಟ್ಟಗಾಗತ್ತೆ. ಒಳಗೆ ನೀರು ನುಗ್ಗಿಯೋ, ಭಾರ ಒಂದು ಕಡೆ ಸೇರಿಯೋ ವಾಲಿದ್ರೆ ಲಿಸ್ಟ್. ಅದು ತಾನಾಗಿ ಏಳಲ್ಲ."

ಹತ್ತು ವರ್ಷದಿಂದ ಹೇಳುತ್ತಿದ್ದೇನೆ. ಬಂದರಿನವರೆಲ್ಲ ಇದನ್ನೇ ಇಟ್ಟುಕೊಂಡು ಅವನನ್ನು ಆಡಿಕೊಳ್ಳುತ್ತಾರೆ. ಇವತ್ತು ಮಗ್ಗಿಯ ಹಾಗೆ ಒಪ್ಪಿಸಿದ: "ಗಾಳಿ, ಹೀಲ್. ನೀರು, ಲಿಸ್ಟ್." ಮಗಳು ಜೆನಿಫರ್ ಬುತ್ತಿಗೆಂದು ಕೊಟ್ಟ ಮಾಂಸದ ಪೇಸ್ಟಿ ಕಟ್ಟಿಕೊಂಡು ಒಬ್ಬನೇ ಹೊರಟ.

೪ ಫೆಬ್ರವರಿ, ಮಧ್ಯಾಹ್ನ ೩
ಗಾಳಿ ಜೋರು. ಯಾರ್ಡಿನ ರೇಡಿಯೋದಲ್ಲಿ ಕ್ಲೆಮ್‌ನ ದನಿ. ಅರ್ಧ ನಿಮಿಷವೂ ಇಲ್ಲ. ಆಮೇಲೆ ಬರೀ ಗೊರಗೊರ... ಕೇಳಿದವನು ನಾನೊಬ್ಬನೇ.

೨೩ ಫೆಬ್ರವರಿ, ಭಾನುವಾರ
ಬೋಟು ಸಿಗಲಿಲ್ಲ. ಕ್ಲೆಮ್ ಕೂಡ. ಮಗಳಿಗೆ ಅಂದೇ ಹೇಳಿದೆ: "ಹೀಲ್ ಆಗ್ತಿದೆ ಅಂದ ಕಣಮ್ಮ. ಗಾಳಿ."

ಇವತ್ತು ಚಾಪೆಲ್ ಬಾಗಿಲಲ್ಲಿ ಯಾರೋ: "ಅಂಥ ಗಾಳೀಲಿ ಹೋಗಿದ್ದೇ ತಪ್ಪು. ಮೀನಿನ ಆಸೆ." ಜೆನಿಫರ್ ತಲೆ ತಗ್ಗಿಸಿದಳು. ನಾನು ಟೋಪಿ ಹಾಕಿಕೊಂಡು ಹೊರಟುಬಿಟ್ಟೆ. ನನ್ನ ಮೇಲೆ ನನಗೇ ಹೇಸಿಗೆ.

೬ ಮಾರ್ಚ್
ವಿಚಾರಣೆಯ ಅಧಿಕಾರಿ ಬಂದಿದ್ದ. "ರೇಡಿಯೋದಲ್ಲಿ ನಿಮ್ಮ ಅಳಿಯ ಹೀಲ್ ಅಂದ್ರಾ, ಲಿಸ್ಟ್ ಅಂದ್ರಾ? ಒಂದಾದ್ರೆ ಗಾಳಿ, ಇನ್ನೊಂದಾದ್ರೆ ಒಳಗೆ ನೀರು." ಆಮೇಲೆ ತಾನೇ ದಾರಿ ತೋರಿಸಿದ: "ಅವರಿಗೆ ಎರಡಕ್ಕೂ ವ್ಯತ್ಯಾಸ ಗೊತ್ತಿರಲಿಲ್ಲವಂತೆ, ಎಲ್ಲರೂ ಹೇಳ್ತಾರೆ. ಬಿಡಿ, ನಾಳೆ ಬರೆದುಕೊಡಿ."

ಅಷ್ಟು ಸುಲಭ.

೭ ಮಾರ್ಚ್, ಬೆಳಿಗ್ಗೆ
ಜೆನಿಫರ್ ಚಹಾ ತಂದಿಟ್ಟಳು. "ಪಾಪ, ಆ ಎರಡು ಪದ ಅವನಿಗೆ ಕೊನೆಗೂ ಬರಲೇ ಇಲ್ಲ, ಅಲ್ವಾ ಅಪ್ಪಾ?" ನಕ್ಕಳು. ತಿಂಗಳಾದ ಮೇಲೆ ಮೊದಲ ನಗು.

ಬಂದಿತ್ತು. ಇವತ್ತಾದರೂ ಬರೆಯುತ್ತೇನೆ, ಅವನು ಹೇಳಿದ್ದು ಹೇಳಿದ ಹಾಗೆ: "ಮಾವ, ಲಿಸ್ಟ್ ಆಗ್ತಿದೆ. ಹೀಲ್ ಅಲ್ಲ. ಎಡಕ್ಕೆ... ಏಳ್ತಾನೇ ಇಲ್ಲ. ಈ ಸಲ ಸರಿಯಾಗಿ ಹೇಳಿದ್ನಾ?"

ಸರಿಯಾಗಿ ಹೇಳಿದೆ, ಮಗನೇ.

ಅಡುಗೆಮನೆಯಲ್ಲಿ ಅವಳು ಪಾತ್ರೆ ತೊಳೆಯುತ್ತಿದ್ದಾಳೆ. ಕರೆಯುತ್ತೇನೆ. ಮೊದಲು ಅವಳಿಗೆ, ಆಮೇಲೆ ಅಧಿಕಾರಿಗೆ. ಮೆತ್ತು ಒಣಗಿರಲಿಲ್ಲ. ಅವನು ಸಾಕಾ ಅಂತ ಕೇಳಿಯೇ ಹೋದ. ಸಾಕು ಅಂದವನು—